ಮುನ್ನುಡಿ ಕೊನೆಗೆ ಅಚ್ಚಾಗುತ್ತದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ವಾರಕ್ಕೆ ಎರಡಾದರೂ ಪುಸ್ತಕ ಬಿಡುಗಡೆಯ ಫೋಟೋ ಬರುತ್ತವೆ. ವೇದಿಕೆ ಮೇಲೆ ಎಂಟು ಜನ, ಎಲ್ಲರೂ ಎದೆಗೆ ಒಂದೊಂದು ಪುಸ್ತಕ ಹಿಡಿದಿರುತ್ತಾರೆ, ಮೂಲೆಯಲ್ಲಿ ಅರ್ಧ ಮುಖ ಕಾಣುವವರು ಲೇಖಕರು. ಸಂತೋಷ. ಆದರೆ ಅವರು ಮೊದಲನೇ ಪುಟ ಹೇಗೆ ಬರೆದರು, ಅದಕ್ಕೆ ಮುಂಚೆ ಎಷ್ಟು ವರ್ಷ ಬರೆಯದೇ ಕೂತಿದ್ದರು ಅಂತ ಒಂದು ಸಲವೂ ಓದಿದ ನೆನಪಿಲ್ಲ. ನನ್ನಂಥವರಿಗೆ ಬೇಕಾಗಿರೋದು ಅದೇ.

ನನಗೀಗ ಅರವತ್ತು ದಾಟಿದೆ. 1978ರಿಂದ ಹದಿನೇಳು ವರ್ಷ ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದೆ. ಆಮೇಲೆ ಕಂಪ್ಯೂಟರು ಬಂತು, ಪ್ರೆಸ್ ಮುಚ್ಚಿತು, ನಾನು ಜೆರಾಕ್ಸ್ ಅಂಗಡಿ ಇಟ್ಟೆ. ಬೇರೆಯವರ ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಕಟ್ಟಿದವನಿಗೆ ತನ್ನದೊಂದು ಬರೆಯೋದು ಏನು ಮಹಾ ಅಂತ ಅಂದುಕೊಂಡಿದ್ದೆ. ಎರಡು ವರ್ಷ ಹೋಯಿತು. ಎರಡು ವರ್ಷದಲ್ಲಿ ಬರೆದದ್ದು ಹನ್ನೊಂದು ಪುಟ. ಅಷ್ಟೂ ‘ಲೇಖಕನ ಅರಿಕೆ’! ಯಾರ್ಯಾರಿಗೆ ಋಣಿ, ಯಾಕೆ ಬರೆದೆ, ತಪ್ಪಿದ್ದರೆ ಕ್ಷಮಿಸಿ ಅಂತೆಲ್ಲ. ಹೆಸರು ನಾಲ್ಕು ಸಲ ಬದಲಾಯಿತು. ಮುಖಪುಟಕ್ಕೆ ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೇ ಟ್ರೆಡಲ್ ಮಷೀನಿನ ಫೋಟೋ ಕೂಡ ತೆಗೆಸಿಟ್ಟೆ. ಈ ನಡುವೆ ಪ್ರಕಾಶಕರು ಅಂತ ಹೇಳಿಕೊಂಡು ಒಬ್ಬರು ಬಂದು, ಅಚ್ಚು, ಮುನ್ನುಡಿ, ಹಾಲ್ ಬಾಡಿಗೆ, ಶಾಲು, ಉಪ್ಪಿಟ್ಟು ಎಲ್ಲಾ ಸೇರಿಸಿ ಒಂದು ರೇಟು ಹೇಳಿದರು. ತಾರೀಖು ಯಾವುದು ಇಟ್ಟುಕೊಳ್ಳೋಣ ಅಂತ ಕೇಳಿದರೇ ಹೊರತು, ಪುಸ್ತಕ ಎಲ್ಲಿದೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಚಿಕೆ ಆಗೋ ವಿಷಯ ಏನೆಂದರೆ, ಹೀಗೆ ಮಾಡಬಾರದು ಅಂತ ನನ್ನ ಕೈಗೆ ಮೊದಲೇ ಗೊತ್ತಿತ್ತು. ಪ್ರೆಸ್ಸಿನಲ್ಲಿ ಮುನ್ನುಡಿ, ಅರಿಕೆ, ಪರಿವಿಡಿ ಇರುವ ಪುಟಗಳು ಕೊನೆಗೆ ಅಚ್ಚಾಗುತ್ತಿದ್ದವು. ಅದಕ್ಕೇ ಹಳೇ ಪುಸ್ತಕ ತೆಗೆದು ನೋಡಿ, ಆ ಪುಟಗಳಿಗೆ ರೋಮನ್ ಅಂಕಿಯೋ ಇನ್ನೇನೋ ಇರುತ್ತದೆ, 1 ಅನ್ನೋದು ಅಧ್ಯಾಯ ಶುರುವಾದ ಮೇಲೇ ಬರುತ್ತದೆ. ನಮ್ಮಲ್ಲಿ ಮೊಳೆಗಳೇ ಕಮ್ಮಿ. ಒಂದು ಫಾರಂ, ಅಂದರೆ ಒಂದು ಹಾಳೆಯಲ್ಲಿ ಒಟ್ಟಿಗೆ ಬರುವಷ್ಟು ಪುಟ, ಕಟ್ಟಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಕೇಸಿಗೆ, ಅಂದರೆ ಅಕ್ಷರದ ಖಾನೆಗಳ ಪೆಟ್ಟಿಗೆಗೆ, ತುಂಬಿದ ಮೇಲೇ ಮುಂದಿನ ಫಾರಂ. ಎಷ್ಟೋ ಲೇಖಕರು ನಾವು ಮೊಳೆ ಬಿಚ್ಚೋದರೊಳಗೆ ಮುಂದಿನ ಹಾಳೆ ಬರೆದು ತಂದುಕೊಡುತ್ತಿದ್ದರು, ಕೆಲವರು ಪ್ರೆಸ್ಸಿನ ಬೆಂಚಿನ ಮೇಲೇ ಕೂತು ಬರೆದದ್ದೂ ಉಂಟು. ಇನ್ನೊಂದು ನೋಡಿದ್ದೆ. ಕೈಬರಹದ ಕಟ್ಟಿನಲ್ಲಿ ನಡುವಿನ ಹಾಳೆಗಳು ಹಳದಿ ತಿರುಗಿ, ಚಹಾದ ಕಲೆ ಬಿದ್ದು, ಅಂಚು ಮಡಚಿ ಹೋಗಿರುತ್ತಿದ್ದವು. ಮೊದಲನೇ ಹಾಳೆ ಮಾತ್ರ ಬೆಳ್ಳಗೆ, ಹೊಸ ಇಂಕು. ಅಂದರೆ ಎಲ್ಲಾ ಮುಗಿದ ಮೇಲೆ ಬರೆದದ್ದು, ಅಲ್ವಾ? ಹದಿನೇಳು ವರ್ಷ ಇದನ್ನು ನೋಡಿಯೂ ನಾನು ಶುರು ಮಾಡಿದ್ದು ಅರಿಕೆಯಿಂದ.

ಈ ಅರಿಕೆಯಿಂದ ನನ್ನನ್ನು ಬಿಡಿಸಿದ್ದು ನನ್ನ ಹೆಂಡತಿ. ಒಂದು ಸಂಜೆ ಮೊಮ್ಮಗಳಿಗೆ ಒಂದು ಮದುವೆ ಪತ್ರಿಕೆಯ ಕಥೆ ಹೇಳುತ್ತಿದ್ದೆ. ವೈಶಾಖದ ಸೀಜನ್ನು, ರಾತ್ರಿ ಎಂಟಾಗಿತ್ತು, ಹುಡುಗನ ಅಪ್ಪ ಕೌಂಟರಿನಲ್ಲಿ ನಿಂತಿದ್ದ. ಕಟ್ಟಿದ ಪುಟಕ್ಕೆ ದಾರ ಬಿಗಿದು ಎತ್ತಿದೆ, ಕೈ ಜಾರಿತು. ‘ಚಿರಂಜೀವಿ’ಯಿಂದ ‘ಸುಖಾಗಮನ’ದವರೆಗೆ ಅಷ್ಟೂ ನೆಲಕ್ಕೆ ಚೆಲ್ಲಿತು. ನಾವು ಮೂವರು ಕಂದೀಲು ಹಿಡಿದು ಫರ್ಸಿ ಮೇಲೆ ಮೊಳೆ ಆರಿಸಿದೆವು, ಆ ಅಪ್ಪನೂ ಧೋತರ ಎತ್ತಿ ಕಟ್ಟಿ ನಮ್ಮ ಜೊತೆ ಕೂತ. ತನ್ನ ಮಗನ ಹೆಸರಿನ ‘ಶಿ’ ಅವನ ಕೈಗೇ ಸಿಕ್ಕಿತು, ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ, ಕರೀ ಬೆರಳಿನಲ್ಲಿ ಹಿಡಿದು ‘ಇದು ಯಾವುದ್ರೀ’ ಅಂತ ಕೇಳಿದ. ಒಳಗಿಂದ ಹೆಂಡತಿ ಅಂದಳು, ‘ಇದನ್ನ ಬರೀರಿ. ಆ ಅರಿಕೆ ಯಾರು ಓದ್ತಾರ?’

ಆ ರಾತ್ರಿಯೇ ಮೂರು ಪುಟ ಆಯಿತು. ಪುಸ್ತಕದಲ್ಲಿ ಅದು ಎಲ್ಲಿ ಕೂರುತ್ತದೋ ಇನ್ನೂ ಗೊತ್ತಿಲ್ಲ. ಬಹುಶಃ ನಡುವೆ.

ಗದುಗಿನವರಿಗೆ ಇನ್ನೊಂದು ತೊಂದರೆ ಇದೆ. ನಮ್ಮೂರಿನಲ್ಲಿ ಕುಮಾರವ್ಯಾಸ ಇದ್ದಾನೆ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಅಂತ ತಾನೇ ಹೇಳಿಕೊಂಡವನು. ಒಂದು ಸಾಲಿಗೆ ಮೂರು ಸಲ ಗೀಚು ಹಾಕುವ ನಮ್ಮಂಥವರು ಅದನ್ನು ಕೇಳಿದರೆ ಪೆನ್ನು ಕೆಳಗಿಡಬೇಕು. ಆದರೆ ಅವನ ಬಗ್ಗೆಯೇ ಊರಲ್ಲಿ ಇನ್ನೊಂದು ಕಥೆ ಹೇಳುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಬರುತ್ತಿತ್ತಂತೆ. ನಿಜವೋ ಸುಳ್ಳೋ, ನನಗೆ ಬಳಸಲು ಬಂತು. ಬೆಳಿಗ್ಗೆ ಸ್ನಾನ ಮಾಡಿ ಟವೆಲು ಹಗ್ಗಕ್ಕೆ ಹಾಕಿ ಬರೆಯಲು ಕೂರುತ್ತೇನೆ, ಅದು ಆರಿದ ಮೇಲೆ ಏಳುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿಗೆ ಅರ್ಧ ಗಂಟೆಯೂ ಸಿಗುವುದಿಲ್ಲ. ಆಷಾಢದಲ್ಲಿ ಮಧ್ಯಾಹ್ನವಾದರೂ ಆರುವುದಿಲ್ಲ, ಅಂಗಡಿ ತೆಗೆಯೋದು ಯಾವಾಗ ಅಂತ ಮಗ ಗೊಣಗುತ್ತಾನೆ.

ಲೆಕ್ಕ ಹಾಕಿದರೆ ಹೆದರಿಕೆಯೂ ಕಮ್ಮಿ ಆಗುತ್ತದೆ. ಡೆಮಿ ಅಳತೆಯಲ್ಲಿ ಒಂದು ಫಾರಂ ಅಂದ್ರೆ 16 ಪುಟ. ಆರು ಫಾರಂ ಆದರೆ 96 ಪುಟ, ಮೊದಲ ಪುಸ್ತಕಕ್ಕೆ ಜಾಸ್ತಿಯೇ ಆಯಿತು. ನನ್ನ ಕೈಬರಹದಲ್ಲಿ ಫುಲ್‌ಸ್ಕೇಪ್ ಹಾಳೆಯ ಒಂದು ಬದಿ ಹೆಚ್ಚುಕಡಿಮೆ ಒಂದು ಅಚ್ಚಿನ ಪುಟ. ದಿನಕ್ಕೆ ಒಂದು ಬದಿ, ಮೂರು ತಿಂಗಳು ಚಿಲ್ಲರೆ. ‘ಪುಸ್ತಕ ಬರೆಯಬೇಕು’ ಅಂದಾಗ ಎದೆ ಧಸಕ್ ಅನ್ನುತ್ತದೆ, ‘ಒಂದು ಬದಿ’ ಅಂದರೆ ಪರವಾಗಿಲ್ಲ ಅನಿಸುತ್ತದೆ. ಟೈಪ್ ಮಾಡುವವರು ಶುರುವಿನಿಂದಲೇ ಯೂನಿಕೋಡಿನಲ್ಲಿ ಮಾಡಿ. ಹಳೇ ಫಾಂಟಿನ ಫೈಲು ಬದಲಾಯಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಓಡಿಹೋಗುತ್ತವೆ, ನಮ್ಮ ಅಂಗಡಿಯಲ್ಲಿ ದಿನಾ ನೋಡುತ್ತೇನೆ.

ಯಾರು ಅಚ್ಚು ಹಾಕುತ್ತಾರೆ, ಯಾರು ಕೊಳ್ಳುತ್ತಾರೆ ಅನ್ನೋದು ಆಮೇಲಿನ ಮಾತು. ಪಕ್ಕದ ಹಾವೇರಿಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೊರಲು ಮೊದಲು ಪುಸ್ತಕ ಇರಬೇಕಲ್ಲ. ಸರಕಾರ ಕೊಡುವ ಚೊಚ್ಚಲ ಕೃತಿಯ ಪ್ರೋತ್ಸಾಹಧನದಲ್ಲಿ ‘ಯುವ ಬರಹಗಾರರು’ ಅಂತ ಇದೆ. ಅರವತ್ತರಲ್ಲಿ ಚೊಚ್ಚಲ ಬರೆಯುವವರೂ ಇದ್ದೇವೆ ಅಂತ ಯಾರಾದರೂ ಅವರಿಗೆ ಹೇಳಿದರೆ ಒಳ್ಳೆಯದು.

ನಿಮ್ಮಲ್ಲಿ ಕೇಳೋದು ಇಷ್ಟೇ. ಬಿಡುಗಡೆ ಸುದ್ದಿ ಹಾಕುವಾಗ ಅತಿಥಿಗಳ ಹೆಸರು ಎರಡು ಕಮ್ಮಿ ಮಾಡಿ, ಲೇಖಕರು ಮೊದಲು ಬರೆದ ಪುಟ ಯಾವುದು, ಅದು ಈಗ ಎಷ್ಟನೇ ಪುಟ ಅಂತ ಕೇಳಿ ಎರಡು ಸಾಲು ಹಾಕಿ.

— ಒಬ್ಬ ಹಳೇ ಕಂಪೋಸಿಟರ್, ಬೆಟಗೇರಿ, ಗದಗ

ತಾ.ಕ.: ಪತ್ರ ಉದ್ದವಾಗಿದ್ದರೆ ಕತ್ತರಿಸಿ, ಬೇಜಾರಿಲ್ಲ. ಪ್ರೂಫ್ ಮಾತ್ರ ಸರಿಯಾಗಿ ನೋಡಿ. ‘ಮೊಳೆ’ ಅನ್ನೋದು ‘ಮಳೆ’ ಆದರೆ ಹದಿನೇಳು ವರ್ಷ ಮಳೆ ಜೋಡಿಸಿದೆ ಅಂತ ಆಗುತ್ತದೆ.