ಮಳೆಗೆ ಕೆಡುವ ಲೈನು, ಬಿಸಿಲಿನಲ್ಲಿ ಮುಚ್ಚುವ ದೂರು

ಚಿತ್ರದುರ್ಗ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಾಧಿಕಾರಿಗಳು

ವಿಷಯ: ಲ್ಯಾಂಡ್‌ಲೈನ್‌ನಲ್ಲಿ ಗರಗರ ಸದ್ದು, ರಿಪೇರಿ ಮಾಡದೆಯೇ ಐದು ಸಲ ದೂರು ಮುಗಿಸಿರುವ ಬಗ್ಗೆ.

ಮಾನ್ಯರೇ,

ಕೋಟೆಯ ಕೆಳಗೆ ದೊಡ್ಡಪೇಟೆಯಲ್ಲಿ ನಮ್ಮ ಮನೆ. ಹಳೇ ಕಲ್ಲುಗೋಡೆ, ಒಳಮನೆಯಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದಿಲ್ಲ. 81 ವರ್ಷದ ನಮ್ಮ ಅತ್ತೆಗೆ ಮೊಬೈಲ್ ಹಿಡಿಯಲು ಬಾರದು. ಅದಕ್ಕಾಗಿಯೇ ಲ್ಯಾಂಡ್‌ಲೈನ್ ಉಳಿಸಿಕೊಂಡಿದ್ದೇವೆ. ತಾಮ್ರದ ತಂತಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುವುದರಿಂದ ಮನೆಯ ಕರೆಂಟ್ ಹೋದರೂ ಫೋನ್ ನಡೆಯುತ್ತದೆ ಎಂಬ ಧೈರ್ಯವೂ ಇತ್ತು.

ಜೂನ್ ಕೊನೆಯಿಂದ ಆ ಧೈರ್ಯ ಹೋಗಿದೆ. ರಿಸೀವರ್ ಎತ್ತಿದರೆ ಕಾದೆಣ್ಣೆಗೆ ಸಾಸಿವೆ ಬಿದ್ದಂಥ ಸದ್ದು. ಜಿಟಿಜಿಟಿ ಮಳೆ ಹಿಡಿದ ದಿನ ಆಚೆಯವರ ಒಂದು ಮಾತೂ ತಿಳಿಯುವುದಿಲ್ಲ. ಎರಡು ದಿನ ಬಿಸಿಲು ಬಿದ್ದರೆ ತಾನಾಗಿಯೇ ಕಡಿಮೆಯಾಗುತ್ತದೆ.

ಹೊಳಲ್ಕೆರೆಯಲ್ಲಿರುವ ಅತ್ತೆಯ ತಂಗಿ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಾರೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ಆ ಹತ್ತು ನಿಮಿಷದ ಮಾತು ಅವರಿಗೆ ಊಟದಷ್ಟೇ ಮುಖ್ಯ. ಮೊದಲ ವಾರ ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಆಮೇಲೊಂದು ದಿನ ರಿಸೀವರ್ ಇಟ್ಟು, "ನನ್ನ ಕಿವೀನೇ ಹೋತು ಕಣಮ್ಮ" ಎಂದು ಸುಮ್ಮನೆ ಕೂತುಬಿಟ್ಟರು. ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆವು. ಕಿವಿ ಮೊದಲಿನಂತೆಯೇ ಇದೆ ಎಂದರು. ಕೆಟ್ಟಿರುವುದು ನಿಮ್ಮ ಲೈನು. ತಪ್ಪು ತನ್ನದೆಂದು ಆ ಮುದುಕಿ ಇಷ್ಟು ದಿನ ಕೊರಗಿದ್ದು ನನಗೆ ಇನ್ನೂ ಸಹಿಸಲಾಗುತ್ತಿಲ್ಲ.

ನಾನು ಐದು ಸಲ ದೂರು ಕೊಟ್ಟಿದ್ದೇನೆ. ಕನ್ನಡಕ್ಕೆಂದು ಹೇಳಿದ ಅಂಕಿಯನ್ನೇ ಒತ್ತಿದರೂ ಎರಡು ಸಲ ಹಿಂದಿ ಮಾತಾಡುವವರು ಸಿಕ್ಕರು. ಗರಗರ ಅಂದರೆ ಏನೆಂದು ಅವರಿಗೆ ನಾನು ಹೇಗೆ ತಿಳಿಸಲಿ? ನಾಲ್ಕು ಸಲ ಯಾರೂ ಬರಲೇ ಇಲ್ಲ, 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಮೆಸೇಜ್ ಮಾತ್ರ ಬಂತು. ಐದನೆಯ ಸಲ ಲೈನ್‌ಮ್ಯಾನ್ ಬಂದರು, ಅದೂ ಸುಡು ಮಧ್ಯಾಹ್ನ. ಲೈನ್ ಸರಿಯಾಗಿಯೇ ಕೇಳಿಸಿತು. ಆದರೂ ಅವರು ಬೀದಿ ಕೊನೆಯ ಕಂಬದ ಡಬ್ಬಿ ತೆಗೆದು ನನಗೆ ತೋರಿಸಿದರು. ಜಾಯಿಂಟಿನಲ್ಲಿ ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದುಹೋಗಿದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದೆ. ಅಲ್ಲಿ ನೀರು ನಿಂತಾಗ ಒಂದು ತಂತಿಯಿಂದ ಇನ್ನೊಂದಕ್ಕೆ ವಿದ್ಯುತ್ ಸೋರಿ ಸದ್ದು ಬರುತ್ತದೆ, ಒಣಗಿದರೆ ನಿಲ್ಲುತ್ತದೆ ಎಂದರು. ಆ ಮನುಷ್ಯನ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ, ನಿಜ ಹೇಳಿದವರು ಅವರೊಬ್ಬರೇ. ಮಾರನೆಯ ದಿನ ಆ ದೂರನ್ನೂ ಮುಗಿಸಿಬಿಟ್ಟಿರಿ.

ಒಣಗಿದ ಹೊತ್ತಿನಲ್ಲಿ ಪರೀಕ್ಷೆ ಮಾಡಿ 'ಸರಿ ಇದೆ' ಎಂದು ಬರೆದುಕೊಂಡರೆ ಈ ದೋಷ ಯಾವತ್ತೂ ಸಿಗುವುದಿಲ್ಲ. ದಯವಿಟ್ಟು ಆ ಜಾಯಿಂಟ್ ಬದಲಿಸಿ, ಕಂಬದಿಂದ ನಮ್ಮ ಮನೆವರೆಗಿನ ತಂತಿಯನ್ನೂ ಹೊಸದಾಗಿ ಎಳೆಸಿ. ಮಳೆ ಬಂದ ಸಂಜೆ ಒಮ್ಮೆ ಪರೀಕ್ಷಿಸಿ, ನಾವು ಸರಿ ಎಂದ ಮೇಲಷ್ಟೇ ದೂರು ಮುಗಿಸಿ. ದೋಷ ಮೂರು ದಿನ ಮೀರಿದರೆ ಫೋನಿನ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವಿದೆ. ನಾವು ಒಂದು ಬಿಲ್ಲನ್ನೂ ಬಾಕಿ ಇಟ್ಟಿಲ್ಲ, ಆ ರಿಯಾಯಿತಿಯನ್ನು ಮುಂದಿನ ಬಿಲ್ಲಿನಲ್ಲಿ ತೋರಿಸಿ. ಉತ್ತರ ಕನ್ನಡದಲ್ಲಿ, ಬರವಣಿಗೆಯಲ್ಲಿ ಇರಲಿ.

ಇದೂ ಹಾಗೆಯೇ ಮುಚ್ಚಿಹೋದರೆ 2012ರ ದೂರು ಪರಿಹಾರ ನಿಯಮಗಳಂತೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಅವರು 39 ದಿನಗಳೊಳಗೆ ತೀರ್ಮಾನ ಕೊಡಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ.

ನಿಮ್ಮವರು ಯಾವ ದಿನ ಬಂದರೂ ಸಂಜೆ ಏಳರವರೆಗೆ ಇರುವಂತೆ ಕಳಿಸಿ. ಹೊಳಲ್ಕೆರೆಯ ಫೋನ್ ಬರುವುದು ಆಗಲೇ. ಅತ್ತೆಗೆ ತಂಗಿಯ ಮಾತು ಕೇಳಿಸಿತೋ ಇಲ್ಲವೋ ಅವರೇ ಎದುರು ನಿಂತು ನೋಡಲಿ.

ಇಂತಿ,
ದೊಡ್ಡಪೇಟೆಯ ನಿಮ್ಮ ಗ್ರಾಹಕಿ