ಮಗಳಿಗೊಂದು ಪತ್ರ: ಅಲುಗಾಡಿದ ಟೇಪು

ಪುಟ್ಟಿ,

ಭಾನುವಾರ ಆಡಿದ್ದೆಲ್ಲ ಇಬ್ಬರಿಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ನಿನ್ನ ಅಲುಗಾಡುವ ಕ್ಯಾಮೆರಾದ ಸಿನಿಮಾ ಬಗ್ಗೆ ‘ಅದು ಸಿನಿಮಾ ಅಲ್ಲ, ಕೈತಪ್ಪು’ ಅಂದೆನಲ್ಲ, ಅದೊಂದಕ್ಕೆ ಈ ಪತ್ರ.

22 ವರ್ಷ ಮದುವೆ ವಿಡಿಯೊ ತೆಗೆದವನು ನಾನು. ತಾಳಿ ಕಟ್ಟುವಾಗ ಕ್ಯಾಮೆರಾ ಒಂಚೂರು ಅಲುಗಿದರೂ ಬಾಕಿ ದುಡ್ಡಿಗೆ ಆರು ತಿಂಗಳು ಅಲೆಯಬೇಕಿತ್ತು. ನೀನು ಬೇಕಂತಲೇ ಅಲುಗಿಸಿ ತೆಗೆಯುತ್ತೀನಿ, ಅದೂ ಕಾಡಲ್ಲಿ, ರಾತ್ರಿ ಹೊತ್ತು ಅಂದರೆ ನನ್ನ ತಲೆಗೆ ಹೇಗೆ ಹೋಗಬೇಕು?

ಆದರೂ ನೀನು ಹೇಳಿದ್ದನ್ನೆಲ್ಲ ಕೂತು ನೋಡಿದೆ, ಓದಿದೆ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’, ಕಾಡಲ್ಲಿ ಕಾಣೆಯಾದ ಮೂವರ ಕ್ಯಾಮೆರಾದಲ್ಲಿ ಸಿಕ್ಕ ಟೇಪು ಅನ್ನುವ ಹಾಗೆ ತೆಗೆದ ದೆವ್ವದ ಸಿನಿಮಾ. ಅಮೆರಿಕದ ಮೇರಿಲ್ಯಾಂಡ್ ಕಾಡಿನಲ್ಲಿ ಎಂಟು ದಿನದ ಶೂಟಿಂಗ್. ಕ್ಯಾಮೆರಾ ಹಿಡಿದವರು ನಟರೇ. ಅವತ್ತು ಏನು ಮಾಡಬೇಕು ಅನ್ನುವ ಚೀಟಿ ಡಬ್ಬಿಯೊಳಗೆ ಸಿಗುತ್ತಿತ್ತು, ಮಾತೆಲ್ಲ ಅವರದ್ದೇ. ಸಿಡುಕು ನಿಜವಾಗಿ ಬರಲಿ ಅಂತ ನಿರ್ದೇಶಕರು ದಿನದಿನಕ್ಕೂ ಅವರ ಊಟ ಕಡಿಮೆ ಮಾಡಿದರಂತೆ. ಗಳಿಸಿದ್ದು ಸುಮಾರು 25 ಕೋಟಿ ಡಾಲರ್! ಆಮೇಲೆ ಓರೆನ್ ಪೆಲಿ ಸ್ಯಾನ್ ಡಿಯೆಗೊದ ತನ್ನ ಮನೆಯಲ್ಲೇ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ತೆಗೆದ. ಸುಮಾರು 15 ಸಾವಿರ ಡಾಲರ್, ಒಂದೇ ವಾರ. ಅದರಲ್ಲಿ ರಾತ್ರಿ ಕ್ಯಾಮೆರಾ ಟ್ರೈಪಾಡ್ ಮೇಲಿರುತ್ತದೆ. ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ನಮ್ಮಲ್ಲೂ 2013ರಲ್ಲಿ ‘6-5=2’ ಬಂದು ಚೆನ್ನಾಗಿ ಓಡಿತ್ತು, ಟ್ರೆಕ್ಕಿಂಗ್ ಹೋದ ಹುಡುಗರ ಕಥೆ.

ಆದರೆ ನಾನು ಸಿಕ್ಕಿಕೊಂಡಿದ್ದು ಬೇರೆ ಕಡೆ. ಬ್ಲೇರ್ ವಿಚ್ ನಟರು ಸ್ವಂತ ಹೆಸರಲ್ಲೇ ನಟಿಸಿದ್ದರು. ಅವರು ‘ಕಾಣೆಯಾಗಿದ್ದಾರೆ’ ಅಂತ ಸಿನಿಮಾದವರು ಪೋಸ್ಟರ್ ಅಂಟಿಸಿದ್ದರು. ಜನ ನಂಬಿಬಿಟ್ಟರು. ಹೆದರ್ ಡೊನಾಹ್ಯೂ ಅನ್ನುವ ಹುಡುಗಿಯ ತಾಯಿಗೆ ಸಂತಾಪದ ಕಾರ್ಡುಗಳೇ ಬಂದವಂತೆ. ಮಗಳು ಚೆನ್ನಾಗೇ ಇದ್ದಾಳೆ. ಆದರೂ ಆ ಕಾರ್ಡನ್ನು ಆಕೆ ಎಲ್ಲಿಟ್ಟಿರಬಹುದು? ಎಸೆಯಲೂ ಮನಸ್ಸು ಬರಲ್ಲ, ಅಲ್ವಾ?

ನಿನಗೆ ಹೇಳದ ಒಂದು ವಿಷಯ ಇದೆ. ನಿನಗೆ ಐದು ವರ್ಷ, ಊರ ತೇರು. ನಾನು ಶೂಟ್ ಮಾಡುತ್ತಿದ್ದೆ, ನೀನು ನನ್ನ ಪ್ಯಾಂಟ್ ಹಿಡಿದು ನಿಂತಿದ್ದೆ. ತಿರುಗಿ ನೋಡಿದರೆ ಇಲ್ಲ. ಕ್ಯಾಮೆರಾ ಆಫ್ ಮಾಡುವುದು ಯಾರಿಗೆ ನೆನಪಾಗುತ್ತೆ? ಅದನ್ನು ಕೈಯಲ್ಲಿ ನೇತಾಡಿಸುತ್ತಾ ನಾನು 11 ನಿಮಿಷ ಓಡಿದೆ. ಧೂಳು, ಚಪ್ಪಲಿಗಳು, ಯಾರದೋ ಸೀರೆ ಅಂಚು, ಒಂದು ಕ್ಷಣ ಆಕಾಶ. ನಿನ್ನ ಹೆಸರು ಕೂಗುವ ನನ್ನ ದನಿ. ನೀನು ಸಿಕ್ಕಿದ್ದು ಬಳೆ ಅಂಗಡಿ ಹತ್ತಿರ, ಬತ್ತಾಸು ತಿನ್ನುತ್ತಾ. ಆ ಟೇಪನ್ನು ಒಂದೇ ಸಲ ಹಾಕಿ ನೋಡಿದ್ದೇನೆ. ನೀನು ಪಕ್ಕದ ಕೋಣೆಯಲ್ಲಿ ಮಲಗಿದ್ದೆ. ಆದರೂ ಏಳನೇ ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಕ್ಯಾಮೆರಾ ಹಿಡಿದವನಿಗೇ ಮುಂದೇನು ಅಂತ ಗೊತ್ತಿಲ್ಲ, ನೋಡು. ನಿಮ್ಮ ಸಿನಿಮಾಗಳಿಗೆ ಜನ ಬೆವರುವುದು ಅದಕ್ಕೇ ಇರಬೇಕು. ದೆವ್ವ ಎಲ್ಲ ಆಮೇಲೆ. ಭಾನುವಾರ ನಿನ್ನ ಸ್ಕ್ರಿಪ್ಟಿನ ನಾಲ್ಕನೇ ಪುಟದಲ್ಲಿ ಅಂಥದ್ದೇ ಸೀನ್ ಇತ್ತು. ಅದಕ್ಕೆ ರೇಗಿದೆ. ಸೀನ್ ಚೆನ್ನಾಗಿಲ್ಲ ಅಂತಲ್ಲ. ತುಂಬಾ ಚೆನ್ನಾಗಿದೆ.

ಉಪದೇಶ ಮಾಡಬಾರದು ಅಂದುಕೊಂಡೇ ಕೂತೆ. ಆದರೂ ಕೇಳು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡ. ಜಿಗಣೆಗೆ ಉಪ್ಪು ಇಟ್ಟುಕೋ. ಚಿತ್ರ ಅಲುಗಿದರೆ ಜನ ಸಹಿಸುತ್ತಾರೆ, ಸೌಂಡ್ ಕೆಟ್ಟರೆ ಎದ್ದು ಹೋಗುತ್ತಾರೆ, ಒಳ್ಳೇ ಮೈಕ್ ತಗೋ. ನಟರಿಗೆ ಎಷ್ಟು ಕೊಡುತ್ತೀ ಅಂತ ಮೊದಲೇ ಕಾಗದದಲ್ಲಿ ಬರೆದುಕೊಡು. ಬ್ಲೇರ್ ವಿಚ್‌ನ ಆ ಮೂವರು ನಟರು 2024ರಲ್ಲೂ ತಮ್ಮ ಪಾಲು ಕೇಳಿ ಬಹಿರಂಗ ಪತ್ರ ಬರೆಯಬೇಕಾಯಿತು. ಊಟ ಮಾತ್ರ ಯಾರಿಗೂ ಕಡಿಮೆ ಮಾಡಬೇಡ, ನೀನೂ ಬಿಡಬೇಡ.

ಹಳೇ ಟ್ರೈಪಾಡ್ ಬಸ್ಸಿಗೆ ಹಾಕಿ ಕಳಿಸುತ್ತಿದ್ದೇನೆ. ಬೇಡ ಅಂದರೂ ಇಟ್ಟುಕೋ. ಕಾಡಿನಿಂದ ಹೊರಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಒಂದು ಮಿಸ್ ಕಾಲ್ ಕೊಡು. ಅಮ್ಮನ ನಂಬರಿಗೇ ಕೊಡು. ನಾನು ಪಕ್ಕದಲ್ಲೇ ಇರುತ್ತೀನಿ.

ಅಪ್ಪ