ಅಕ್ವಾಪೋನಿಕ್ಸ್ ಕಿಟ್‌ನ ಬಿಳಿ ಕಲ್ಲು, ಪಂಪು ಮತ್ತು ಕೈಪಿಡಿಯ ಕುರಿತು ದೂರು

ಇವರಿಂದ:
ತಾರಸಿ ತೋಟದ ಹವ್ಯಾಸಿಗಳ ಬಳಗ, ಮೈಸೂರು

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸಬರಿಗೆಂದು ಮಾರಿದ 500 ಲೀಟರ್ ಕಿಟ್‌ನ ದೋಷಗಳು, ಭಾಗಗಳ ಬದಲಾವಣೆ ಹಾಗೂ ಕೈಪಿಡಿ ತಿದ್ದುಪಡಿಗೆ ಒತ್ತಾಯ

ಮಾನ್ಯರೇ,

ನಮ್ಮ ಬಳಗದ ಸದಸ್ಯರು ನಿಮ್ಮಿಂದ ತರಿಸಿಕೊಂಡದ್ದು ಅಕ್ವಾಪೋನಿಕ್ಸ್ ಕಿಟ್: ಮೀನಿನ ಟ್ಯಾಂಕಿನ ನೀರನ್ನು ಪಂಪು ಕಲ್ಲು ತುಂಬಿದ ಬೆಡ್‌ಗೆ (ಗಿಡ ಬೆಳೆಯುವ ತೊಟ್ಟಿಗೆ) ಏರಿಸುತ್ತದೆ, ಮೀನಿನ ತ್ಯಾಜ್ಯದಿಂದ ಗಿಡ ಬೆಳೆಯುತ್ತದೆ, ನೀರು ಮತ್ತೆ ಟ್ಯಾಂಕಿಗೆ ಮರಳುತ್ತದೆ. ಈ ಕಿಟ್‌ಗಳಲ್ಲಿ ಮೀನು ಮರಿಗಳು ಸತ್ತ ಬಗ್ಗೆ ಕರೆ ಮಾಡಿದಾಗ, ನಿಮ್ಮ ಸಿಬ್ಬಂದಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದಾರೆ: 'ಮೇವು ಜಾಸ್ತಿ ಹಾಕಿದ್ದೀರಿ, ವಾರಂಟಿ ಅನ್ವಯಿಸುವುದಿಲ್ಲ.' ಮೇವು ಜಾಸ್ತಿಯಾಗಿದ್ದು ನಿಜ. ಆದರೆ ಅಷ್ಟು ಹಾಕಿ ಎಂದು ಹೇಳಿದ್ದು ನಿಮ್ಮದೇ ಕೈಪಿಡಿ.

ಲೆಕ್ಕ ನೋಡಿ. ಕಿಟ್‌ನಲ್ಲಿರುವ ಚಮಚಕ್ಕೆ 15 ಗ್ರಾಂ ಮೇವು ಹಿಡಿಯುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ಎಂದು ಕೈಪಿಡಿ ಹೇಳುತ್ತದೆ. ಅಲ್ಲಿಗೆ ದಿನಕ್ಕೆ 60 ಗ್ರಾಂ. ನೀವು ಕೊಟ್ಟ 60 ಮರಿಗಳು ತಲಾ ಸುಮಾರು 10 ಗ್ರಾಂ ತೂಗುತ್ತವೆ, ಒಟ್ಟು 600 ಗ್ರಾಂ. ಈ ಗಾತ್ರದ ಮರಿಗೆ ಮೈತೂಕದ ಶೇ. 3ರಿಂದ 5ರಷ್ಟು, ಅಂದರೆ 18ರಿಂದ 30 ಗ್ರಾಂ ಮೇವು ಧಾರಾಳವಾಯಿತು. ನೀವು ಹೇಳಿದ್ದು ಶೇ. 10. ಶೇ. 32 ಪ್ರೋಟೀನಿನ ಮೇವು 60 ಗ್ರಾಂ ಕರಗಿದರೆ ಸುಮಾರು 1.8 ಗ್ರಾಂ ಸಾರಜನಕ, ಮೀನಿಗೆ ವಿಷವಾಗಬಲ್ಲ ಅಮೋನಿಯದ ರೂಪದಲ್ಲಿ, ನೀರಿಗೆ ಸೇರುತ್ತದೆ. 500 ಲೀಟರಿನಲ್ಲಿ ಅದು ಲೀಟರಿಗೆ 3.5 ಮಿಲಿಗ್ರಾಂ, ಅದೂ ಒಂದೇ ದಿನಕ್ಕೆ.

ಹಳೆಯ, ಪಳಗಿದ ವ್ಯವಸ್ಥೆಯಲ್ಲಿ ಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಗಿಡಕ್ಕೆ ಬೇಕಾದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಕೈಪಿಡಿಯ ಎರಡನೇ ಪುಟದಲ್ಲಿ 'ನೀರು ತುಂಬಿಸಿ, ಸ್ವಿಚ್ ಹಾಕಿ, ಮೀನು ಬಿಡಿ' ಎಂದಿದೆ. ಆ ನಾಲ್ಕಾರು ವಾರಗಳ ಬಗ್ಗೆ ಒಂದು ಸಾಲೂ ಇಲ್ಲ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ಗಾಳಿಯಾಡಿಸಿ ಬಿಡಬೇಕೆಂಬ ಮಾತೂ ಇಲ್ಲ.

ಇಷ್ಟೇ ಆಗಿದ್ದರೆ ಕೆಲವು ಮೀನುಗಳಾದರೂ ಉಳಿಯುತ್ತಿದ್ದವು. ಉಳಿಯಗೊಡದೇ ಇದ್ದದ್ದು ನಿಮ್ಮ ಬಿಳಿ ಕಲ್ಲು.

ಬೆಡ್ ತುಂಬಿಸಲು ಕಳಿಸಿರುವ 'ಪ್ರೀಮಿಯಂ ನೈಸರ್ಗಿಕ ಕಲ್ಲು' ಮಾರ್ಬಲ್ ಚೂರು. ಅನುಮಾನವಿದ್ದರೆ ಅದರ ಮೇಲೆ ಅಡುಗೆಮನೆಯ ವಿನೆಗರ್ ಹನಿಸಿ, ನೊರೆ ಏಳುತ್ತದೆ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಮೆಲ್ಲಗೆ ಕರಗುತ್ತಾ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಅನ್ನು 8ರ ಆಚೆಗೆ ಒಯ್ದು ಅಲ್ಲೇ ಹಿಡಿದಿಡುತ್ತದೆ. ನಮ್ಮಲ್ಲಿ ಅಳೆದಾಗ ಸಿಕ್ಕಿದ್ದು 8.2. ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ಹೊಂದುವುದು 6ರಿಂದ 7ರ ನಡುವಿನ ಪಿಎಚ್. ನೀರು 28 ಡಿಗ್ರಿ ಇದ್ದು ಪಿಎಚ್ 7 ಆಗಿದ್ದರೆ, ಒಟ್ಟು ಅಮೋನಿಯದಲ್ಲಿ ಮೀನಿಗೆ ವಿಷವಾಗುವ ಭಾಗ ಶೇ. 1ಕ್ಕಿಂತ ಕಡಿಮೆ. 8.2ರಲ್ಲಿ ಅದು ಶೇ. 10ರ ಹತ್ತಿರ. ಮೇಲಿನ 3.5 ಮಿಲಿಗ್ರಾಂ ಲೆಕ್ಕಕ್ಕೆ ಇದನ್ನು ಜೋಡಿಸಿದರೆ, ಮೊದಲ ದಿನದ ಮೇವೊಂದರಿಂದಲೇ ಲೀಟರಿಗೆ 0.35 ಮಿಲಿಗ್ರಾಂ ವಿಷಕಾರಿ ಅಮೋನಿಯ ಹುಟ್ಟಬಲ್ಲದು. 0.05 ದಾಟಿದರೇ ಕಿವಿರು ಹಾಳಾಗತೊಡಗುತ್ತದೆ. ಅದೇ ಮೇವು ಗ್ರಾನೈಟ್ ಜಲ್ಲಿಯ ಬೆಡ್‌ನಲ್ಲಿ, 7ರ ಪಿಎಚ್‌ನಲ್ಲಿ ಕರಗಿದ್ದರೆ ಮೀನಿಗೂ ಹೊಸಬರಿಗೂ ಒಂದೆರಡು ದಿನದ ಬಿಡುವು ಸಿಗುತ್ತಿತ್ತು.

ನಿಮ್ಮ ಸಿಬ್ಬಂದಿ ಇದಕ್ಕೆ ಸೂಚಿಸಿದ ಪರಿಹಾರ, ಕಿಟ್‌ನ ಜೊತೆಗಿರುವ 'ಪಿಎಚ್ ಡೌನ್' ಬಾಟಲಿ. ಆಮ್ಲ ಸುರಿದರೆ ಸಂಜೆಗೆ ಪಿಎಚ್ ಇಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಕಲ್ಲು ಕರಗಿ ಮತ್ತೆ ಏರುತ್ತದೆ. ಈ ಏರಿಳಿತ ಮೀನಿಗೆ ಇನ್ನಷ್ಟು ಹಿಂಸೆ. ಬೆಡ್‌ನಲ್ಲಿ ಮಾರ್ಬಲ್ ಇರುವವರೆಗೆ ಎಷ್ಟು ಬಾಟಲಿ ಖಾಲಿ ಮಾಡಿದರೂ ಅಷ್ಟೇ. (ಸುಣ್ಣದ ಕಲ್ಲು ಬೇಡವೇ ಬೇಡ ಎಂದಲ್ಲ. ವ್ಯವಸ್ಥೆ ಹಳತಾಗಿ ಪಿಎಚ್ 6ಕ್ಕಿಂತ ಕೆಳಗೆ ಜಾರತೊಡಗಿದಾಗ ಒಂದು ಹಿಡಿಯಷ್ಟನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಳಿಬಿಡುತ್ತಾರೆ, ಸಾಕಾದಾಗ ತೆಗೆಯುತ್ತಾರೆ. ಇಡೀ ಬೆಡ್ಡನ್ನೇ ಅದರಿಂದ ತುಂಬಿಸುವುದಿಲ್ಲ.)

ಪಾಲಕ್ ಮತ್ತು ಪುದೀನದ ಚಿಗುರೆಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗಿರುವುದಕ್ಕೂ ಈ ಕಲ್ಲೇ ಕಾರಣ. ಪಿಎಚ್ ಹೆಚ್ಚಿದ್ದಾಗ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೆಂದು ನೀವು ಕಳಿಸಿದ ಸೂಕ್ಷ್ಮ ಪೋಷಕಾಂಶದ ಪುಡಿಯಲ್ಲಿ ತಾಮ್ರದ ಸಲ್ಫೇಟ್ ಇದೆಯೆಂದು ಪೊಟ್ಟಣದ ಮೇಲೇ ಬರೆದಿದೆ. ಅದು ತೋಟದ ಬೆಳೆಗೆ ಎಲೆಯ ಮೇಲೆ ಸಿಂಪಡಿಸುವ ಪುಡಿ. ತಾಮ್ರ ಮೀನಿಗೆ ವಿಷ. ಇಲ್ಲಿ ಬೇಕಾದದ್ದು ಡಿಟಿಪಿಎ ರೂಪದ ಕೀಲೇಟೆಡ್ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿದು ಗಿಡಕ್ಕೆ ದಕ್ಕುವಂಥದ್ದು) ಮಾತ್ರ, ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಸಿಗುವಷ್ಟು.

ಪಂಪಿನ ವಿಷಯ. ಡಬ್ಬದ ಮೇಲೆ ಗಂಟೆಗೆ 1,200 ಲೀಟರ್, ಗರಿಷ್ಠ ಎತ್ತರ 1.5 ಮೀಟರ್ ಎಂದಿದೆ. 1,200 ಲೀಟರ್ ಬರುವುದು ನೀರನ್ನು ಮೇಲೆತ್ತದೆ ಇದ್ದಾಗ. ನಿಮ್ಮ ಸ್ಟ್ಯಾಂಡಿನಲ್ಲಿ ನೀರು 1.2 ಮೀಟರ್ ಏರಬೇಕು. 10 ಲೀಟರ್ ಬಕೆಟ್ ಹಿಡಿದರೆ ತುಂಬಲು ನಾಲ್ಕು ನಿಮಿಷ ಬೇಕಾಯಿತು: ಗಂಟೆಗೆ 150 ಲೀಟರ್. ಟ್ಯಾಂಕಿನ ನೀರು ಗಂಟೆಗೊಮ್ಮೆಯಾದರೂ ಬೆಡ್ ಸುತ್ತಿ ಬರಬೇಕು, ಅಂದರೆ 500 ಲೀಟರ್. 150 ಲೀಟರಿನಷ್ಟು ಸಣ್ಣ ಹರಿವಿಗೆ ಬೆಲ್ ಸೈಫನ್ (ಬೆಡ್ ತುಂಬಿದೊಡನೆ ನೀರನ್ನು ತಾನಾಗಿಯೇ ಎಳೆದು ಟ್ಯಾಂಕಿಗೆ ಇಳಿಸುವ, ಮುಚ್ಚಳವಿರುವ ಕೊಳವೆ) ಎಳೆಯುವುದೇ ಇಲ್ಲ. ನೀರು ಒಳಗೊಳವೆಯ ಅಂಚಿನಿಂದ ತೊಟ್ಟಿಕ್ಕುತ್ತಾ ಬೆಡ್ ಸದಾ ತುಂಬಿರುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಸೈಫನ್ ಕೆಟ್ಟಿದೆಯೆಂದು ಸದಸ್ಯರು ಅದನ್ನು ಬಿಚ್ಚಿ ಜೋಡಿಸಿ ಸುಸ್ತಾದರು; ಕೆಟ್ಟಿರಲಿಲ್ಲ, ಹರಿವು ಸಾಲದಾಗಿತ್ತು. ಗರಿಷ್ಠ ಎತ್ತರ 3 ಮೀಟರ್ ಇರುವ, 2,000 ಲೀಟರಿನ ಪಂಪು ಕೊಟ್ಟು, ಹೆಚ್ಚಾದ ನೀರು ಟ್ಯಾಂಕಿಗೇ ಮರಳುವಂತೆ ಒಂದು ಬೈಪಾಸ್ ವಾಲ್ವ್ ಇಟ್ಟರೆ ಸಾಕು. ಒಳಗೊಳವೆಯ ಬಾಯಿಗೆ 40ರಿಂದ 25 ಮಿ.ಮೀ. ರೆಡ್ಯೂಸರ್ ಕೂರಿಸಿದರೆ ಸೈಫನ್ ಇನ್ನೂ ಸಲೀಸಾಗಿ ಹಿಡಿಯುತ್ತದೆ.

ಮೀನಿನ ಉಸಿರಿಗೆಂದು ನೀರಿಗೆ ಗಾಳಿ ಊದುವ ಏರ್ ಪಂಪು ಕಿಟ್‌ನಲ್ಲಿ ಇಲ್ಲವೇ ಇಲ್ಲ. ಕರೆಂಟ್ ಹೋಗುವ ಊರುಗಳಿಗೆ ಬ್ಯಾಟರಿ ಇಲ್ಲದ ಕಿಟ್ ಮಾರುವುದು ಹೇಗೆ ಸರಿ?

ಬೆಡ್‌ನ ಆಳ ಜಾಹೀರಾತಿನಲ್ಲಿ 30 ಸೆಂ.ಮೀ., ಬಂದದ್ದು 18. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಎರಡು ಬೆಡ್ ಸೇರಿ 300 ಲೀಟರ್ ಆಗಬೇಕಿದ್ದದ್ದು 180 ಆಗಿದೆ. ಒಟ್ಟು ಒಂದು ಚದರ ಮೀಟರ್ ಸೊಪ್ಪಿನ ಬೆಡ್ ದಿನಕ್ಕೆ 40ರಿಂದ 50 ಗ್ರಾಂ ಮೇವಿನ ಹೊರೆ ಹೊರಬಲ್ಲದು, ಅದೂ ಪೂರ್ತಿ ಪಳಗಿದ ಮೇಲೆ. ಕಾಟ್ಲಾ, ರೋಹು ಮರಿಗಳು ಬದುಕಿ ತಲಾ 100 ಗ್ರಾಂ ಆದವೆಂದುಕೊಳ್ಳಿ: 60 ಮೀನು, 6 ಕಿಲೋ, ಶೇ. 2ರಂತೆ 120 ಗ್ರಾಂ ಮೇವು. ಬೆಡ್ ಅಲ್ಲಿಗೇ ಸೋಲುತ್ತದೆ. ಅಷ್ಟಕ್ಕೂ ಕೆರೆಯಲ್ಲಿ ಕಿಲೋಗಟ್ಟಲೆ ಬೆಳೆಯುವ ಕಾಟ್ಲಾವನ್ನು 500 ಲೀಟರ್ ಟ್ಯಾಂಕಿಗೆ ಆರಿಸಿದ್ದು ಯಾರೋ! ಹೊಸಬರಿಗೆ ಹದಿನೈದು ಗೋಲ್ಡ್ ಫಿಶ್ ಅಥವಾ ಕೆಲವೇ ಕೋಯಿ ಸಾಕು.

ಕೊನೆಯದಾಗಿ, ಪ್ರಾಣಕ್ಕೆ ಸಂಬಂಧಿಸಿದ ಮಾತು. 'ಯಾವುದೇ ತಾರಸಿಯ ಮೇಲೂ ಇಡಬಹುದು' ಎಂದು ಡಬ್ಬದ ಮೇಲೆ ಅಚ್ಚು ಹಾಕಿಸಿದ್ದೀರಿ. ಒಂದು ಮೀಟರ್ ವ್ಯಾಸದ ಟ್ಯಾಂಕು ತುಂಬಿದರೆ ಚದರ ಮೀಟರಿಗೆ 600 ಕಿಲೋ ಮೀರುತ್ತದೆ. ಕಲ್ಲು ತುಂಬಿದ ಬೆಡ್‌ನ ಭಾರ ಬೇರೆ. ಜನ ಓಡಾಡುವ ತಾರಸಿಗೆ, ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡವಾದ ಐಎಸ್ 875ರ ಎರಡನೇ ಭಾಗ ಲೆಕ್ಕಕ್ಕೆ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಟ್ಯಾಂಕನ್ನು ನೆಲದ ಮೇಲೆ ಇಡಬೇಕು, ಇಲ್ಲವೇ ಇಂಜಿನಿಯರ್ ನೋಡಿದ ಮೇಲೆ ತೊಲೆ, ಕಂಬಗಳ ಮೇಲೆ ಭಾರ ಬೀಳುವಂತೆ ಕೂರಿಸಬೇಕು. ಡಬ್ಬದ ಮೇಲಿನ ಆ ಸಾಲನ್ನು ಇಂದೇ ಅಳಿಸಿ.

ನಾವು ಕೇಳುವುದು ಇಷ್ಟು. ಮಾರ್ಬಲ್ ಚೂರನ್ನು ನಿಮ್ಮ ಖರ್ಚಿನಲ್ಲಿ ಒಯ್ದು, ವಿನೆಗರ್ ಪರೀಕ್ಷೆಯಲ್ಲಿ ನೊರೆ ಏಳದ, ತೊಳೆದ 12ರಿಂದ 20 ಮಿ.ಮೀ. ಗ್ರಾನೈಟ್ ಜಲ್ಲಿ ಕೊಡಿ. ಪಂಪು ಬದಲಿಸಿ, 30 ಸೆಂ.ಮೀ. ಬೆಡ್, ಬ್ಯಾಟರಿ ಸಹಿತ ಏರ್ ಪಂಪು, ಅಮೋನಿಯ-ನೈಟ್ರೈಟ್-ನೈಟ್ರೇಟ್ ಅಳೆಯುವ ದ್ರವರೂಪದ ಟೆಸ್ಟ್ ಕಿಟ್ ಕಳಿಸಿ. ತಾಮ್ರವಿರುವ ಪುಡಿಯನ್ನು ಹಿಂಪಡೆಯಿರಿ. ಸತ್ತ ಮೀನಿನ ಹಣ ಮರಳಿಸಿ. ಹೊಸ ಕೈಪಿಡಿಯ ಮೊದಲ ಪುಟದಲ್ಲಿ ಮೀನಿಲ್ಲದೆ ಪಳಗಿಸುವ ಕ್ರಮ ಇರಲಿ: 500 ಲೀಟರಿಗೆ 4 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಸಿಗುತ್ತದೆ, ಅದು ಇಳಿದಾಗಲೆಲ್ಲ ಮತ್ತೆ ಅಷ್ಟೇ ಹಾಕಬೇಕು, ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದ ಮೇಲಷ್ಟೇ ಮೀನು ಬಿಡಬೇಕು.

ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದೆ ಹಾನಿಯಾದರೆ ತಯಾರಕರೇ ಹೊಣೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಹೇಳುತ್ತದೆ. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಬಿಲ್ಲುಗಳ ಪ್ರತಿ, ಕೈಪಿಡಿಯ ಎರಡನೇ ಪುಟ, ಡಬ್ಬದ ಚಿತ್ರಗಳು ಹಾಗೂ ವಿನೆಗರ್ ಪರೀಕ್ಷೆಯ ವಿಡಿಯೊ ಲಗತ್ತಿಸಿದ್ದೇವೆ.

ಇಂತಿ,
ಬಳಗದ ಪರವಾಗಿ